ಹಸಿರು ಶಾಲೆಯ ಫಲಕ ಹಾಕುವ ಮೊದಲು ತರಗತಿಯ ಸದ್ದು ಅಳೆಸಿ

ಮಾನ್ಯ ಶಿಕ್ಷಣ ಸಚಿವರಿಗೆ,

ನಮಸ್ಕಾರ. ನಿಯಮ ನಿಮಗೆ ಗೊತ್ತಿರುವುದೇ. ಶಾಲಾ ಕಟ್ಟಡಕ್ಕೆ ಲೀಡ್ (ಹಸಿರು ಕಟ್ಟಡಗಳಿಗೆ ಕೊಡುವ ಅಂತರರಾಷ್ಟ್ರೀಯ ಮನ್ನಣೆ) ನಾಲ್ಕನೇ ಆವೃತ್ತಿಯ ಪ್ರಮಾಣಪತ್ರ ಬೇಕಾದರೆ ತರಗತಿಯ ಧ್ವನಿ ಗುಣಮಟ್ಟ ಕಡ್ಡಾಯ ಷರತ್ತು. ಎಸಿ ಮತ್ತು ಗಾಳಿ ಯಂತ್ರಗಳ ಸದ್ದು 40 ಡಿಬಿಎ (ಕಿವಿಗೆ ಕೇಳುವಂತೆ ಅಳೆದ ಡೆಸಿಬಲ್) ಮೀರಬಾರದು. ತರಗತಿಗಳ ಧ್ವನಿಗೆಂದೇ ಇರುವ ಅಮೆರಿಕದ ಮಾನದಂಡ ಆನ್ಸಿ ಎಸ್12.60 ಇನ್ನೂ ಬಿಗಿ: ಮಕ್ಕಳಿಲ್ಲದ ಕೋಣೆಯಲ್ಲಿ ಹಿನ್ನೆಲೆ ಸದ್ದು 35, ಮತ್ತು 283 ಘನ ಮೀಟರಿನೊಳಗಿನ ತರಗತಿಯಲ್ಲಿ ಮಾರ್ದನಿ (ಸದ್ದು ನಿಂತ ಮೇಲೂ ಕೋಣೆಯಲ್ಲಿ ಅನುರಣಿಸುವ ಹೊತ್ತು) 0.6 ಸೆಕೆಂಡು ಮೀರಬಾರದು. ಕೊನೆಯ ಬೆಂಚಿಗೆ ತಲುಪುವ ಹೊತ್ತಿಗೆ ಶಿಕ್ಷಕರ ದನಿ 50ರ ಆಸುಪಾಸಿಗೆ ಇಳಿದಿರುತ್ತದೆ. ಮಗುವಿಗೆ ಮಾತು ಸ್ಪಷ್ಟವಾಗಿ ಕೇಳಿಸಲು ದನಿ ಹಿನ್ನೆಲೆ ಸದ್ದಿಗಿಂತ 15 ಡೆಸಿಬಲ್ ಮೇಲಿರಬೇಕು. 35 ಎಂಬ ಅಂಕಿ ಬಂದಿದ್ದು ಹಾಗೆ.

ಕಾಗದದಲ್ಲಿ ಇದೆಲ್ಲ ಸರಿಯಿದೆ, ಕೋಣೆಯಲ್ಲಿ ಇಲ್ಲ. ಎಷ್ಟೋ ಸಲ ಹೇಳಿ ದಣಿದು ಈಗ ಎಲ್ಲರೆದುರು ಕೇಳುತ್ತಿದ್ದೇವೆ: ಗುತ್ತಿಗೆದಾರರ ಕೊನೆಯ ಬಿಲ್ ಪಾಸಾಗುವ ಮೊದಲು ತರಗತಿಯೊಳಗೆ ಮೀಟರ್ ಇಟ್ಟು ಅಳೆಸಿ.

ಎಡವಟ್ಟು ಶುರುವಾಗುವುದು ಸೂರಿನಿಂದ. ಎನ್‌ಆರ್‌ಸಿ (ಬಿದ್ದ ಧ್ವನಿಯಲ್ಲಿ ಎಷ್ಟು ಪಾಲು ಹೀರುತ್ತದೆ ಎಂಬ ಅಂಕಿ) 0.70 ಇರುವ ಸಾಮಗ್ರಿಯನ್ನು ಸೂರಿನಷ್ಟೇ ವಿಸ್ತೀರ್ಣಕ್ಕೆ ಹಾಕಿದರೆ ಲೀಡ್ ಲೆಕ್ಕದಲ್ಲಿ ಸಣ್ಣ ತರಗತಿಗಳ ಮಾರ್ದನಿ ಷರತ್ತು ಪೂರೈಸಿದಂತೆ. ಆದರೆ 0.6 ಸೆಕೆಂಡಿಗೆ ಅಷ್ಟು ಸಾಲದು, ಲೆಕ್ಕ ಹಾಕಿ ನೋಡಿ. 9 ಮೀಟರ್ ಉದ್ದ, 7 ಅಗಲ, 3.3 ಎತ್ತರದ ಕೋಣೆ ಸುಮಾರು 208 ಘನ ಮೀಟರ್. ಮಾರ್ದನಿಯ ಸೇಬೈನ್ ಸೂತ್ರದಂತೆ 0.161 ಗುಣಿಸು 208, ಭಾಗಿಸು 0.6 ಅಂದರೆ ಹತ್ತಿರಹತ್ತಿರ 56 ಚದರ ಮೀಟರಿನಷ್ಟು ಧ್ವನಿ ಹೀರುವಿಕೆ ಬೇಕು. 63 ಚದರ ಮೀಟರ್ ಸೂರಿಗೆ 0.70 ಟೈಲ್ ಹಾಕಿದರೆ ಸಿಗುವುದು 44. ಬೋಳು ಗೋಡೆ, ನೆಲ ಸೇರಿದರೂ 50 ದಾಟುವುದು ಕಷ್ಟ. ಅಲ್ಲಿ 0.90ರ ಟೈಲ್ ಹಾಕಬೇಕು, ಇಲ್ಲವೇ ಹಿಂದಿನ ಗೋಡೆಗೆ ಧ್ವನಿ ಹೀರುವ ಫಲಕ ಕೂರಿಸಬೇಕು.

ಟೈಲ್ ಹಾಕುವ ರೀತಿಯಲ್ಲೂ ಮೋಸವಾಗುತ್ತದೆ. ಕ್ಯಾಟಲಾಗಿನ ಅಂಕಿ ಬಹುಪಾಲು ಟೈಲಿನ ಮೇಲೆ 400 ಮಿಲಿಮೀಟರ್ ಜಾಗ ಬಿಟ್ಟು ಅಳೆದದ್ದು. ಅದೇ ಟೈಲನ್ನು ನೇರವಾಗಿ ಸ್ಲ್ಯಾಬಿಗೆ ಅಂಟಿಸಿದರೆ ಕಡಿಮೆ ಕಂಪನದ (ದಪ್ಪ) ಧ್ವನಿ ಹೀರುವ ಶಕ್ತಿ ಕುಸಿಯುತ್ತದೆ. ಎರಡು ವರ್ಷಕ್ಕೊಮ್ಮೆ ರೋಲರ್ ಹಿಡಿದು ದಪ್ಪಗೆ ಬಣ್ಣ ಬಳಿದರಂತೂ ರಂಧ್ರಗಳೇ ಮುಚ್ಚಿಹೋಗುತ್ತವೆ. ಆಮೇಲೆ ಅದು ಬರೀ ಹಲಗೆ.

ಇನ್ನು ಗೋಡೆ. ಎರಡು ತರಗತಿಗಳ ನಡುವೆ ಎಸ್‌ಟಿಸಿ (ಗೋಡೆ ಸದ್ದನ್ನು ಎಷ್ಟು ತಡೆಯುತ್ತದೆ ಎಂಬ ಅಂಕಿ) 50 ಇರಬೇಕು ಎನ್ನುತ್ತದೆ ಆನ್ಸಿ ಮಾನದಂಡ. ಒಂದು ಟೈಲ್ ಎತ್ತಿ ಟಾರ್ಚ್ ಬಿಟ್ಟು ನೋಡಿ: ಗೋಡೆ ಫಾಲ್ಸ್ ಸೀಲಿಂಗಿನ ಮಟ್ಟಕ್ಕೇ ನಿಂತಿರುತ್ತದೆ, ಮೇಲೆ ಸ್ಲ್ಯಾಬಿನವರೆಗೂ ಖಾಲಿ, ಪಕ್ಕದ ತರಗತಿಯ ಬೆಳಕು ಈಚೆಗೆ ಕಾಣುತ್ತದೆ. ಅಲ್ಲಿನ ಮಗ್ಗಿ ಇಲ್ಲಿಗೆ ಬರುವ ದಾರಿ ಅದೇ. ಸ್ಲ್ಯಾಬ್ ಮುಟ್ಟಿಸಿದರೂ ಪೈಪು, ವೈರು ತೂರಿದ ಜಾಗ ಹಾಗೇ ತೆರೆದಿರುತ್ತದೆ. ಆಚೀಚೆ ಬೆನ್ನಿಗೆ ಬೆನ್ನು ಕೊಟ್ಟ ಸ್ವಿಚ್ ಬಾಕ್ಸ್ ಬೇರೆ. ನೂರು ಚದರ ಅಡಿ ಗೋಡೆಯಲ್ಲಿ ಒಂದು ಚದರ ಅಡಿ ತೆರಪಿದ್ದರೆ, ಉಳಿದ ಗೋಡೆ ಎಷ್ಟೇ ಗಟ್ಟಿಯಿರಲಿ, ತಡೆಯುವುದು 20 ಡೆಸಿಬಲ್ ಮಾತ್ರ. ಗೋಡೆಗೆ ಸುರಿದ ದುಡ್ಡೆಲ್ಲ ಆ ಸಂದಿಯಲ್ಲಿ ಹೋಯಿತು. ಬಾಗಿಲ ಕೆಳಗಿನ ಸಂದಿಯನ್ನು ಕೇಳುವವರೇ ಇಲ್ಲ. ಇಷ್ಟಾಗಿಯೂ ಪರಿಶೀಲನೆಗೆ ಬಂದವರು ಪ್ರಯೋಗಾಲಯದ ವರದಿಯನ್ನಷ್ಟೇ ನೋಡಿ ಸಹಿ ಹಾಕುತ್ತಾರೆ. ಇದು ಮಕ್ಕಳಿಗೆ ಮಾಡುವ ಅನ್ಯಾಯ ಎಂದು ಹೇಳದೆ ಇರಲಾರೆವು.

ಎಸಿಯದು ಸರಳ. ಯಂತ್ರ ತರಗತಿಯ ನೆತ್ತಿಯ ಮೇಲೆ ಬೇಡ, ಕಾರಿಡಾರಿಗೆ ಸರಿಸಿ, ಡಕ್ಟಿಗೆ ಒಳಪದರ ಕೊಡಿ. ದುಡ್ಡು ಉಳಿಸಲು ಡಕ್ಟ್ ಕಿರಿದು ಮಾಡಬೇಡಿ: ಗಾಳಿಯ ವೇಗ ಇಮ್ಮಡಿಯಾದರೆ ಸದ್ದು 15 ಡೆಸಿಬಲ್‌ಗೂ ಹೆಚ್ಚು ಏರುತ್ತದೆ.

ಅಳೆಯುವುದು ದೊಡ್ಡ ಕೆಲಸವಲ್ಲ. ಬೆಂಚುಗಳಿರಲಿ, ಮಕ್ಕಳಿರಬಾರದು. ಕಿಟಕಿ ಬಾಗಿಲು ಮುಚ್ಚಿ, ಎಸಿ ಪಾಠದ ಹೊತ್ತಿನಂತೆಯೇ ಓಡಲಿ. ಮಗುವಿನ ಕಿವಿಯ ಎತ್ತರದಲ್ಲಿ, ಮೂಲೆಗಳೂ ಸೇರಿ ನಾಲ್ಕೈದು ಕಡೆ ಹಿನ್ನೆಲೆ ಸದ್ದು ಅಳೆಯಲಿ. 500, 1000, 2000 ಹರ್ಟ್ಸ್‌ಗಳಲ್ಲಿ ಮಾರ್ದನಿ ಬೇರೆಬೇರೆ ತೆಗೆಯಲಿ, ಸರಾಸರಿ ಹಾಕಿ ಮುಚ್ಚಿಡುವುದು ಬೇಡ. ಅಳೆಯುವವರು ಗುತ್ತಿಗೆದಾರರ ಕಡೆಯವರಾಗಿರಬಾರದು. ಫೇಲಾದ ಕೋಣೆಯನ್ನು ಗುತ್ತಿಗೆದಾರರ ಖರ್ಚಿನಲ್ಲೇ ಸರಿಪಡಿಸಿ ಮತ್ತೆ ಅಳೆಸಬೇಕು.

ಈ ಷರತ್ತನ್ನು ಟೆಂಡರಿನಲ್ಲೇ ಬರೆಸಿ, ಸಚಿವರೇ. ಅಳೆದ ವರದಿ ಕೈಗೆ ಬರುವವರೆಗೆ ಕೊನೆಯ ಕಂತು ಬಿಡುಗಡೆ ಮಾಡಬೇಡಿ.

ಇತಿ,
ಕಟ್ಟಡಗಳ ಧ್ವನಿ ಅಳೆಯುವ ಕೆಲಸದವರು