ಬುರುಂಡಿಯ ಎರಡು ಪದಕಗಳು: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ ಸುರೇಶ,

ನಿನ್ನ ಪತ್ರ ತಲುಪಿತು. ಒಲಿಂಪಿಕ್ಸ್ ಬಂದಾಗ ದೊಡ್ಡ ದೇಶಗಳ ಪದಕಗಳನ್ನಷ್ಟೇ ಎಣಿಸುತ್ತೇವೆ ಎಂಬ ನಿನ್ನ ಮಾತು ನಿಜ. ಹಾಗಾಗಿ ಬುರುಂಡಿಯ ವಿಷಯವನ್ನು ನಿನಗೆ ಬರೆಯಲೇಬೇಕೆನಿಸಿತು.

ಆಫ್ರಿಕಾದ ಟ್ಯಾಂಗನಿಕಾ ಸರೋವರದ ದಂಡೆಯ ಈ ಪುಟ್ಟ ದೇಶ 1962ರಲ್ಲಿ ಸ್ವತಂತ್ರವಾದರೂ, ಮಾನ್ಯತೆ ಪಡೆದ ಒಲಿಂಪಿಕ್ ಸಮಿತಿ ಇಲ್ಲದ್ದರಿಂದ ಮೂರು ದಶಕಗಳ ಕಾಲ ಕೂಟದಿಂದ ಹೊರಗೇ ಉಳಿಯಿತು. ಅಷ್ಟರಲ್ಲಿ ದ್ಯುದೊನೆ ಕ್ವಿಜೆರಾ ಎಂಬ ಓಟಗಾರನಿಗೆ 1988 ಮತ್ತು 1992ರ ಎರಡೂ ಒಲಿಂಪಿಕ್ಸ್ ಕೈತಪ್ಪಿದ್ದವು. ಬುರುಂಡಿ ಮೊದಲ ಬಾರಿಗೆ 1996ರಲ್ಲಿ ಅಟ್ಲಾಂಟಾಕ್ಕೆ ಹೊರಟಾಗ ಅವರು ತಂಡದ ತರಬೇತುದಾರರಾಗಿದ್ದರು. ಹಿಂದಿನ ವರ್ಷವಷ್ಟೇ ವಿಶ್ವ ಚಾಂಪಿಯನ್‌ಷಿಪ್‌ನ 1500 ಮೀಟರ್ ಓಟದಲ್ಲಿ ಕಂಚು ಗೆದ್ದಿದ್ದ ವೆನುಸ್ತೆ ನಿಯೊಂಗಾಬೊ, ಅದೇ ಓಟದಲ್ಲಿ ತಮಗಿದ್ದ ಸ್ಥಾನವನ್ನು ಕ್ವಿಜೆರಾ ಅವರಿಗೆ ಬಿಟ್ಟುಕೊಟ್ಟು, ಅದುವರೆಗೆ ಎರಡೇ ಬಾರಿ ಓಡಿದ್ದ 5000 ಮೀಟರ್‌ಗೆ ಇಳಿದರು.

ಊರಿನಲ್ಲಿ ಆಗ ಅಂತರ್ಯುದ್ಧ. ಕೂಟ ನಡೆಯುತ್ತಿದ್ದಾಗಲೇ, ಜುಲೈ 25ರಂದು, ಸೇನೆಯ ಕ್ಷಿಪ್ರಕ್ರಾಂತಿಯೂ ಆಯಿತು. ಆಗಸ್ಟ್ 3ರ ಫೈನಲ್‌ನಲ್ಲಿ ಕೀನ್ಯಾದ ಪಾಲ್ ಬಿಟೋಕ್ ಕೊನೆಯವರೆಗೂ ಬೆನ್ನು ಬಿಡಲಿಲ್ಲ. ನಿಯೊಂಗಾಬೊ 13 ನಿಮಿಷ 7.96 ಸೆಕೆಂಡುಗಳಲ್ಲಿ ಗುರಿ ಮುಟ್ಟಿದರು. ಇಬ್ಬರ ನಡುವಿನ ಅಂತರ ಸೆಕೆಂಡಿನ ಐದನೇ ಒಂದು ಭಾಗ. ಬುರುಂಡಿಗೆ ಬಂದಿರುವ ಚಿನ್ನ ಅದೊಂದೇ. ಕ್ವಿಜೆರಾ ತಮ್ಮ ಓಟದ ಮೊದಲ ಸುತ್ತನ್ನು ದಾಟಲಿಲ್ಲ, ಆದರೆ ಒಲಿಂಪಿಕ್ಸ್ ಅಂಕಣದಲ್ಲಿ ಓಡಿದರು. ನನ್ನ ಮಟ್ಟಿಗೆ ಆ ಓಟಕ್ಕೂ ಚಿನ್ನದಷ್ಟೇ ಬೆಲೆಯಿದೆ.

ಎರಡನೆಯ ಪದಕಕ್ಕೆ ಇಪ್ಪತ್ತು ವರ್ಷ ಕಾಯಬೇಕಾಯಿತು. 2016ರಲ್ಲಿ ರಿಯೊದಲ್ಲಿ ಫ್ರಾನ್ಸೀನ್ ನಿಯೊನ್ಸಾಬಾ 800 ಮೀಟರ್‌ನಲ್ಲಿ ಬೆಳ್ಳಿ ಗೆದ್ದರು. ಸಹಜವಾಗಿಯೇ ಟೆಸ್ಟೋಸ್ಟೆರಾನ್ ಹೆಚ್ಚಿರುವ ಮಹಿಳೆಯರು ಔಷಧಿಯಿಂದ ಅದನ್ನು ತಗ್ಗಿಸಿಕೊಳ್ಳದೆ 400 ಮೀಟರ್‌ನಿಂದ ಒಂದು ಮೈಲಿಯವರೆಗಿನ ಓಟಗಳಲ್ಲಿ ಸ್ಪರ್ಧಿಸುವಂತಿಲ್ಲ ಎಂಬ ನಿಯಮ 2019ರಲ್ಲಿ ಜಾರಿಗೆ ಬಂದಾಗ, ಅವರು ಎದೆಗುಂದದೆ ದೂರದ ಓಟಗಳನ್ನು ಹೊಸದಾಗಿ ರೂಢಿಸಿಕೊಂಡರು. ಟೋಕಿಯೊದ 5000 ಮೀಟರ್ ಅರ್ಹತಾ ಸುತ್ತಿನಲ್ಲಿ ಗೆರೆ ತುಳಿದ ಕಾರಣಕ್ಕೆ ಅನರ್ಹರಾದರೂ 10,000 ಮೀಟರ್‌ನಲ್ಲಿ ಐದನೆಯವರಾದರು. ಅದಾದ ಕೆಲವೇ ವಾರಗಳಲ್ಲಿ ಝಾಗ್ರೆಬ್‌ನಲ್ಲಿ 2000 ಮೀಟರ್ ವಿಶ್ವದಾಖಲೆಯನ್ನೂ ಬರೆದರು. 2023ರಲ್ಲಿ ಆ ನಿಯಮವನ್ನು ಎಲ್ಲ ಸ್ಪರ್ಧೆಗಳಿಗೂ ವಿಸ್ತರಿಸಿದರು. ಹುಟ್ಟಿನಿಂದ ಬಂದ ದೇಹಕ್ಕಾಗಿ ಒಬ್ಬ ಓಟಗಾರ್ತಿಯನ್ನು ಹೀಗೆ ಹೊರಗಿಡುವುದು ಅನ್ಯಾಯವೆಂದೇ ನಾನು ನಂಬಿದ್ದೇನೆ. ನಿನ್ನ ಅಭಿಪ್ರಾಯ ಬೇರೆಯಿದ್ದರೆ ವಿವರವಾಗಿ ಬರೆ.

ಇಂತಿ ನಿನ್ನ ಗೆಳೆಯ,
ಪ್ರಕಾಶ