ಸದಸ್ಯರಿಗೆ ಪತ್ರ: ಏಪ್ರಿಲ್‌ನಿಂದ ಗ್ರಂಥಾಲಯದಲ್ಲಿ ಆಗುವ ಬದಲಾವಣೆ

ಆತ್ಮೀಯ ಸದಸ್ಯರೇ,

ನಮಸ್ಕಾರ. ನಮ್ಮ ಸಹಕಾರಿ ಆಸ್ಪತ್ರೆಯ ಗ್ರಂಥಾಲಯ ಬರುವ ಏಪ್ರಿಲ್ 1ರಿಂದ ಹೊರದೇಶದ ಅಚ್ಚಿನ ಜರ್ನಲ್‌ಗಳ (ವೈದ್ಯಕೀಯ ಸಂಶೋಧನಾ ಪತ್ರಿಕೆಗಳ) ಚಂದಾ ನಿಲ್ಲಿಸುತ್ತಿದೆ. ಉಳಿಯುವ ಹಣದಲ್ಲಿ ಇನ್ನೊಬ್ಬ ಗ್ರಂಥಪಾಲಕರನ್ನು ತೆಗೆದುಕೊಳ್ಳುತ್ತೇವೆ. ಹಾಗಾಗಿ ಗ್ರಂಥಾಲಯ ಸಂಜೆಯೂ ತೆರೆದಿರುತ್ತದೆ. ನಿಮಗೆ ಬೇಕಾದ ಮಾಹಿತಿಯನ್ನು ನಾವೇ ಹುಡುಕಿ ಕೊಡುವ ಒಂದು ಕೌಂಟರ್ ಶುರುವಾಗುತ್ತದೆ. ಇಷ್ಟು ದಿನ ಡಾಕ್ಟರು, ಸಿಸ್ಟರುಗಳಿಗೆ ಮಾತ್ರ ಇದ್ದ ಓದುವ ಕೋಣೆಗೆ ಇನ್ನು ರೋಗಿಗಳ ಮನೆಯವರೂ ಬರಬಹುದು.

ಮಹಾಸಭೆಯಲ್ಲಿ ಈ ವಿಷಯ ಬಂದಾಗ ಕೆಲವು ಹಿರಿಯ ಡಾಕ್ಟರುಗಳು, ಜರ್ನಲ್ ಇಲ್ಲದ ಮೇಲೆ ಅದೆಂಥ ಆಸ್ಪತ್ರೆ ಲೈಬ್ರರಿ ಎಂದು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಕಾರಣ ಬಿಡಿಸಿ ಹೇಳುತ್ತೇವೆ.

ಈ ಜರ್ನಲ್‌ಗಳ ಬೆಲೆ ಡಾಲರ್, ಪೌಂಡ್‌ಗಳಲ್ಲಿ ಇರುತ್ತದೆ. ವರ್ಷ ವರ್ಷ ಏರುತ್ತದೆ. ಸಂಚಿಕೆ ಟಪಾಲಿನಲ್ಲಿ ಬಂದು ಕಪಾಟು ಸೇರುವಷ್ಟರಲ್ಲಿ ಅದರೊಳಗಿನ ಲೇಖನ ಫೋನಿನಲ್ಲಿ ಓದಿಯೂ ಆಗಿರುತ್ತದೆ. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ ಪಬ್‌ಮೆಡ್ ಅನ್ನು 1997ರಲ್ಲಿ ಎಲ್ಲರಿಗೂ ಉಚಿತ ಮಾಡಿತು. ಜಗತ್ತಿನ ವೈದ್ಯಕೀಯ ಲೇಖನಗಳ ಸೂಚಿ ಮತ್ತು ಸಾರಾಂಶ ಅಲ್ಲಿದೆ. 2000ದಲ್ಲಿ ಪಬ್‌ಮೆಡ್ ಸೆಂಟ್ರಲ್ ಬಂತು, ಅದರಲ್ಲಿ ಪೂರ್ತಿ ಲೇಖನವೇ ಸಿಗುತ್ತದೆ. ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆಯ ಹಣದಲ್ಲಿ ನಡೆದ ಸಂಶೋಧನೆಯನ್ನು ಸಾರ್ವಜನಿಕರು ಓದುವಂತೆ ಅಲ್ಲಿ ಇಡಲೇಬೇಕು ಎಂಬ ನಿಯಮ 2008ರಿಂದ ಜಾರಿಯಲ್ಲಿದೆ. ಬ್ರಿಟನ್ನಿನ ಹೆಸರಾಂತ ಜರ್ನಲ್ ಬಿಎಂಜೆಯ ಮೂಲ ಸಂಶೋಧನಾ ಲೇಖನಗಳಿಗೂ ಕಾಸು ಕೊಡಬೇಕಿಲ್ಲ. ನಮ್ಮ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು (ಐಸಿಎಂಆರ್) 1913ರಿಂದ ನಡೆಯುತ್ತಿರುವ ತನ್ನ ಜರ್ನಲ್ ಅನ್ನು ಅಂತರ್ಜಾಲದಲ್ಲಿ ಉಚಿತವಾಗಿ ಕೊಡುತ್ತಿದೆ. ಇಷ್ಟೆಲ್ಲ ಸುಮ್ನೆ ಸಿಗುವಾಗ ಸದಸ್ಯರ ದುಡ್ಡನ್ನು ಅಚ್ಚಿನ ಪ್ರತಿಗಳಿಗೆ ಹಾಕುವುದು ಸರಿಯಲ್ಲ ಎಂಬುದು ಸಮಿತಿಯ ತೀರ್ಮಾನ.

ಎಲ್ಲವೂ ಉಚಿತವಾಗಿ ಸಿಗುವುದಿಲ್ಲ, ಅದೂ ನಿಜ. ಕೇಂದ್ರ ಸರ್ಕಾರದ 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆ 2025ರ ಜನವರಿಯಲ್ಲಿ ಶುರುವಾಯಿತು. 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು ಅದರಲ್ಲಿವೆ. ಆದರೆ ಅದು ಸರ್ಕಾರಿ ಉನ್ನತ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳಿಗೆ. ನಮ್ಮಂಥ ಸಹಕಾರಿ ಆಸ್ಪತ್ರೆ ಅದರೊಳಗೆ ಬರುವುದಿಲ್ಲ. ಸಣ್ಣ ಊರಿನ ಆಸ್ಪತ್ರೆಗಳಿಗೂ ಇದು ಒಂದು ದಿನ ತೆರೆಯಬೇಕು ಎಂದು ನಾವು ಕೇಳುತ್ತಲೇ ಇರುತ್ತೇವೆ. ಅಲ್ಲಿಯತನಕ ದೆಹಲಿಯ ಡೆಲ್ನೆಟ್ ಎಂಬ ಗ್ರಂಥಾಲಯ ಜಾಲಕ್ಕೆ ಸದಸ್ಯರಾಗುತ್ತಿದ್ದೇವೆ. 1988ರಲ್ಲಿ ಆರಂಭವಾದ ಈ ಜಾಲದ ಮೂಲಕ ಬೇರೆ ಗ್ರಂಥಾಲಯದಲ್ಲಿರುವ ಪುಸ್ತಕ, ಲೇಖನ ತರಿಸಿಕೊಳ್ಳಬಹುದು. ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ಓದುತ್ತಿರುವ ನರ್ಸಿಂಗ್ ಮಕ್ಕಳು ನಮ್ಮಲ್ಲಿಗೆ ಬರುತ್ತೀರಲ್ಲ, ನೀವು ಮೊದಲು ನಿಮ್ಮ ಕಾಲೇಜಿನಲ್ಲಿ ಹೆಲಿನೆಟ್ ಬಗ್ಗೆ ಕೇಳಿ. ಜರ್ನಲ್‌ಗಳನ್ನು ಅಂತರ್ಜಾಲದಲ್ಲಿ ಓದಲು ವಿಶ್ವವಿದ್ಯಾಲಯವೇ 2003ರಲ್ಲಿ ಕಟ್ಟಿದ ಗ್ರಂಥಾಲಯ ಜಾಲ ಅದು. ಇದ್ದರೂ ಬಳಸದೆ ಬಿಡುವವರು ಜಾಸ್ತಿ.

ಈಗ ಹುಡುಕಿಕೊಡುವ ಕೌಂಟರ್ ಬಗ್ಗೆ. ನಮ್ಮ ಮಟ್ಟಿಗೆ ಈ ಬದಲಾವಣೆಯ ಜೀವಾಳವೇ ಅದು. ಮಾಹಿತಿ ಉಚಿತವಾದಷ್ಟೂ ಅದರ ರಾಶಿ ದೊಡ್ಡದಾಗಿದೆ. ಒಪಿಡಿಯಲ್ಲಿ ಮಧ್ಯಾಹ್ನದವರೆಗೆ ರೋಗಿಗಳನ್ನು ನೋಡಿದ ಡಾಕ್ಟರಿಗೆ, ನೈಟ್ ಡ್ಯೂಟಿ ಮುಗಿಸಿದ ಸಿಸ್ಟರಿಗೆ ಅದರಲ್ಲಿ ಹೆಕ್ಕುತ್ತಾ ಕೂರುವಷ್ಟು ಪುರುಸೊತ್ತು ಎಲ್ಲಿದೆ? ಹೆಕ್ಕುವುದು ನಮ್ಮ ಕೆಲಸ, ಅದಕ್ಕೇ ಕಲಿತವರು ನಾವು.

ಕೌಂಟರಿನಲ್ಲಿ ಒಂದು ಚೀಟಿ ಇರುತ್ತದೆ. ಅದರಲ್ಲಿ ನಾಲ್ಕು ಸಾಲು ತುಂಬಿಸಿ: ಎಂಥ ರೋಗಿ, ಯಾವ ಔಷಧಿ ಅಥವಾ ಚಿಕಿತ್ಸೆ, ಯಾವುದರ ಜೊತೆ ಹೋಲಿಸಬೇಕು, ಏನು ತಿಳಿಯಬೇಕು. 'ಸಕ್ಕರೆ ಕಾಯಿಲೆ ಬಗ್ಗೆ ಬೇಕು' ಎಂದರೆ ಸಾವಿರಾರು ಲೇಖನ ಬರುತ್ತವೆ, ಒಂದೂ ಕೆಲಸಕ್ಕೆ ಬರುವುದಿಲ್ಲ. 'ಅರವತ್ತು ದಾಟಿದವರು, ಕಾಲಿನ ಹುಣ್ಣು, ಈ ಡ್ರೆಸಿಂಗ್ ಒಳ್ಳೆಯದೋ ಆ ಡ್ರೆಸಿಂಗೋ, ಬೇಗ ಮಾಯುವುದು ಯಾವುದರಲ್ಲಿ' ಎಂದು ಬರೆದರೆ ದಾರಿ ಸಿಕ್ಕಿತು. ರೋಗಿಯ ಹೆಸರು, ಕೇಸ್ ಶೀಟ್ ನಂಬರು ದಯವಿಟ್ಟು ಬರೆಯಬೇಡಿ. ನಮಗದು ಬೇಕಾಗುವುದೂ ಇಲ್ಲ.

ಒಂದು ಉದಾಹರಣೆ ಕೊಡುತ್ತೇವೆ. ಹಾಲೂಡಿಸುವ ತಾಯಿಗೆ ಮೂರ್ಛೆರೋಗದ ಮಾತ್ರೆ ಮುಂದುವರಿಸಬಹುದೇ ಎಂಬ ಪ್ರಶ್ನೆ ಹೆರಿಗೆ ವಾರ್ಡಿನಿಂದ ಬಂತು ಎಂದುಕೊಳ್ಳಿ. ಮಾತ್ರೆಯ ಡಬ್ಬಿಯೊಳಗಿನ ಚೀಟಿಯಲ್ಲಿ ಹೆಚ್ಚಾಗಿ 'ವೈದ್ಯರ ಸಲಹೆ ಪಡೆಯಿರಿ' ಎಂದಷ್ಟೇ ಇರುತ್ತದೆ. ಲ್ಯಾಕ್ಟ್‌ಮೆಡ್ ಎಂಬ ಉಚಿತ ಸಂಗ್ರಹದಲ್ಲಿ ಒಂದೊಂದು ಔಷಧಿಗೂ ಒಂದೊಂದು ಪುಟ ಇದೆ. ತಾಯಿಯ ಹಾಲಿಗೆ ಎಷ್ಟು ಇಳಿಯುತ್ತದೆ, ಮಗುವಿನ ರಕ್ತದಲ್ಲಿ ಎಷ್ಟು ಕಂಡುಬಂದಿದೆ, ಮಗುವಿಗೆ ಏನಾದರೂ ತೊಂದರೆ ಆದದ್ದು ವರದಿಯಾಗಿದೆಯೇ, ಹಾಲು ಕಡಿಮೆಯಾಗುತ್ತದೆಯೇ, ಬದಲಿಗೆ ಬೇರೆ ಯಾವ ಔಷಧಿ ಕೊಡಬಹುದು, ಎಲ್ಲ ಅಲ್ಲಿರುತ್ತದೆ. ಆ ಪುಟದ ಪ್ರತಿ ವಾರ್ಡಿಗೆ ಹೋಗುತ್ತದೆ. ಮಾತ್ರೆ ಮುಂದುವರಿಸಬೇಕೋ ಬೇಡವೋ ಎಂಬುದನ್ನು ಡಾಕ್ಟರೇ ತೀರ್ಮಾನಿಸುತ್ತಾರೆ. ಸುಮ್ಮನೆ ಭಯಕ್ಕೆ ಹಾಲು ಬಿಡಿಸುವುದಾಗಲಿ, ಮಾತ್ರೆ ನಿಲ್ಲಿಸಿ ತಾಯಿಗೆ ಮತ್ತೆ ಫಿಟ್ಸ್ ಬರುವುದಾಗಲಿ ತಪ್ಪಿದರೆ ಅದಕ್ಕಿಂತ ಇನ್ನೇನು ಬೇಕು?

ಲೇಖನ ಕೊಡುವ ಮೊದಲು, ತಪ್ಪು ಕಂಡು ಅದನ್ನು ಜರ್ನಲ್‌ನವರು ಹಿಂತೆಗೆದುಕೊಂಡಿದ್ದಾರೆಯೇ ಎಂದು ನೋಡುತ್ತೇವೆ. ದುಡ್ಡು ಕೊಟ್ಟರೆ ಏನನ್ನು ಬೇಕಾದರೂ ಛಾಪಿಸುವ ಜರ್ನಲ್‌ಗಳನ್ನು ಬದಿಗಿಡುತ್ತೇವೆ. ಭಾರತದಲ್ಲಿ ನಡೆಯುತ್ತಿರುವ ಔಷಧಿ, ಚಿಕಿತ್ಸೆಗಳ ಪ್ರಯೋಗಗಳ ಬಗ್ಗೆ ಬೇಕಿದ್ದರೆ, ಅವು ದಾಖಲಾಗುವ ಸಿಟಿಆರ್‌ಐ ಎಂಬ ನೋಂದಣಿಯಲ್ಲಿ ಹುಡುಕುತ್ತೇವೆ. ಐಸಿಎಂಆರ್‌ನ ಚಿಕಿತ್ಸಾ ಕ್ರಮದ ಹಾಳೆಗಳನ್ನು ಪ್ರಿಂಟ್ ಹಾಕಿಸಿ ಇಡುತ್ತೇವೆ. ಹಳ್ಳಿ ಕ್ಲಿನಿಕ್ ನಡೆಸುವವರಿಗೆ ಅವು ಬಹಳ ಉಪಯೋಗ, ಒಂದು ಕಾಯಿಲೆಗೆ ಒಂದೇ ಪುಟ.

ಮಂಗನ ಕಾಯಿಲೆಯ ಕಡತ ಎಲ್ಲಿ ಹೋಗುತ್ತದೋ ಎಂದು ಹಲವರು ಆತಂಕಪಟ್ಟಿದ್ದೀರಿ. ಎಲ್ಲಿಗೂ ಹೋಗುವುದಿಲ್ಲ. 1957ರಲ್ಲಿ ನಮ್ಮ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಕಾಯಿಲೆ ಇದು. ಅದರ ಬಗ್ಗೆ ಸೇರಿಸಿಟ್ಟ ಹಳೆಯ ಲೇಖನಗಳು ಮಲೆನಾಡಿನ ಆಸ್ಪತ್ರೆಯಲ್ಲಿ ಇರದೆ ಇನ್ನೆಲ್ಲಿ ಇರಬೇಕು? ಜೊತೆಗೆ ಪ್ರತಿ ಡಿಸೆಂಬರ್‌ಗೆ, ಅಂದರೆ ಈ ಕಾಯಿಲೆ ಹರಡುವ ಉಣುಗಿನ ಕಾಟ ಶುರುವಾಗುವ ಹೊತ್ತಿಗೆ, ಆ ವರ್ಷದ ಹೊಸ ಲೇಖನಗಳ ಪಟ್ಟಿ ಮಾಡಿ ಸುತ್ತಲಿನ ಕ್ಲಿನಿಕ್‌ಗಳಿಗೆ ಕಳಿಸುತ್ತೇವೆ. ಬೈಂಡ್ ಮಾಡಿದ ಹಳೆಯ ಸಂಪುಟಗಳು, ಪಠ್ಯಪುಸ್ತಕಗಳು, ಭಾರತದ ಅಚ್ಚಿನ ಜರ್ನಲ್‌ಗಳು ಇದ್ದಲ್ಲೇ ಇರುತ್ತವೆ.

ರೋಗಿಗಳ ಮನೆಯವರಿಗೆ ಒಂದು ಮಾತು. ಆಪರೇಷನ್ ಆಗುವಷ್ಟು ಹೊತ್ತು ಕಾರಿಡಾರಿನಲ್ಲಿ ಕೂತು ಫೋನಿನಲ್ಲಿ ಕಾಯಿಲೆಯ ಹೆಸರು ಹಾಕಿ ಓದುತ್ತಾ ಹೋದರೆ ಹೆದರಿಕೆ ಹೆಚ್ಚುವುದೇ ಹೊರತು ತಿಳಿವಳಿಕೆ ಹೆಚ್ಚುವುದು ಕಡಿಮೆ. ಓದುವ ಕೋಣೆಗೆ ಬನ್ನಿ. ಸಕ್ಕರೆ ಕಾಯಿಲೆ, ಬಿಪಿ, ಕ್ಷಯ, ಮೂರ್ಛೆರೋಗ, ಬಾಣಂತನ, ಮನಸ್ಸಿನ ಕಾಯಿಲೆಗಳ ಬಗ್ಗೆ ವೈದ್ಯರೇ ಕನ್ನಡದಲ್ಲಿ ಬರೆದ ಪುಸ್ತಕಗಳಿಗೆ ಬೇರೆ ಕಪಾಟು ಮಾಡಿದ್ದೇವೆ. ಆರೋಗ್ಯದ ವಿಷಯವನ್ನು ತಿಳಿಯಾಗಿ ಬರೆದ ವೈದ್ಯರು ಕನ್ನಡದಲ್ಲಿ ಬಹಳ ಮಂದಿ ಇದ್ದಾರೆ, ಅದು ನಮ್ಮ ಪುಣ್ಯ. ಓದಲು ಬಾರದವರಿಗೆ ನಾವು ಓದಿ ಹೇಳುತ್ತೇವೆ. ಯಾವ ಮಾತ್ರೆ ತಗೊಳ್ಳಬೇಕು, ಯಾವುದು ಬಿಡಬೇಕು ಎಂದು ಮಾತ್ರ ನಾವು ಹೇಳುವುದಿಲ್ಲ. ಡಾಕ್ಟರನ್ನು ಏನೇನು ಕೇಳಬೇಕು ಎಂದು ಬರೆದುಕೊಳ್ಳಲು ಸಹಾಯ ಮಾಡುತ್ತೇವೆ.

ಸದಸ್ಯರಿಗೆ ಹುಡುಕಾಟಕ್ಕೆ ಶುಲ್ಕವಿಲ್ಲ. ಹೊರಗಿನಿಂದ ತರಿಸುವ ಲೇಖನಕ್ಕೆ ಖರ್ಚು ಬಂದರೆ ಮೊದಲೇ ತಿಳಿಸಿ, ನೀವು ಹೂಂ ಅಂದಮೇಲೆ ತರಿಸುತ್ತೇವೆ. ಸಮಯ ಬೆಳಿಗ್ಗೆ 9ರಿಂದ ರಾತ್ರಿ 8ರವರೆಗೆ, ಭಾನುವಾರ ಮಧ್ಯಾಹ್ನದವರೆಗೆ. ತುರ್ತು ಪ್ರಶ್ನೆಯಿದ್ದರೆ ಚೀಟಿಯ ಮೇಲೆ 'ಅರ್ಜೆಂಟ್' ಎಂದು ಬರೆಯಿರಿ, ಅದನ್ನೇ ಮೊದಲು ಕೈಗೆತ್ತಿಕೊಳ್ಳುತ್ತೇವೆ. ಹಳೆಯ ಸದಸ್ಯ ಕಾರ್ಡ್ ಮಾರ್ಚ್ ಕೊನೆಯೊಳಗೆ ತಂದು ಹೊಸದು ಪಡೆಯಿರಿ. ನಿಮ್ಮ ಕೆಲಸಕ್ಕೆ ಇಂಥ ಅಚ್ಚಿನ ಜರ್ನಲ್ ಬೇಕೇ ಬೇಕು ಎಂದಿದ್ದರೆ ಅದನ್ನೂ ಆಗಲೇ ಬರೆದುಕೊಡಿ. ಏಪ್ರಿಲ್‌ನ ಸಮಿತಿ ಸಭೆಯಲ್ಲಿ ಅದನ್ನು ಇಟ್ಟು ಚರ್ಚಿಸುತ್ತೇವೆ.

ಇಂತಿ ನಿಮ್ಮ,
ಗ್ರಂಥಪಾಲಕರು ಮತ್ತು ಗ್ರಂಥಾಲಯ ಸಮಿತಿ