ಮಗಳಿಗೊಂದು ಪತ್ರ: ಚೀಲದ ತಳದ ಶೇಂಗಾ

ಚಳ್ಳಕೆರೆ,
ಭಾನುವಾರ

ಪ್ರೀತಿಯ ಪುಟ್ಟಿ,

ಬುಧವಾರ ಫೋನಿನಲ್ಲಿ, "ಅಮ್ಮಾ, ಜೀವಕೋಶದೊಳಗೆ ಸುದ್ದಿ ದಾಟುವ ಸಿಗ್ನಲಿಂಗ್ ಪಾಠ ತಲೆಗೆ ಹತ್ತುತ್ತಿಲ್ಲ, ಪುಟದ ತುಂಬ ಬರೀ ಬಾಣದ ಗುರುತು" ಅಂದೆಯಲ್ಲ. ಆ ಬಾಣಗಳನ್ನು ನಾನು 2011ರಲ್ಲೇ ಓದಿದ್ದೆ. ತಾತನಿಗೆ ಲಿವರ್ ಕ್ಯಾನ್ಸರ್ ಅಂತ ಗೊತ್ತಾದ ವರ್ಷ ಅದು. ನೀನಿನ್ನೂ ಚಿಕ್ಕವಳು.

ಲಿವರ್ ಬೆಳೆಯುವುದರಲ್ಲಿ ಗಟ್ಟಿ. ಆಪರೇಷನ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ತೆಗೆದರೂ, ಉಳಿದದ್ದು ಆರೋಗ್ಯವಾಗಿದ್ದರೆ ಮತ್ತೆ ಬೆಳೆದುಕೊಳ್ಳುತ್ತದೆ. ಸಾಕಾದಷ್ಟು ಬೆಳೆದ ಮೇಲೆ ತಾನೇ ನಿಲ್ಲುತ್ತದೆ. "ಬೆಳೆ" ಅನ್ನುವುದೂ "ನಿಲ್ಲು" ಅನ್ನುವುದೂ ಪ್ರೋಟೀನುಗಳೇ.

ಲಾರಿಯಿಂದ ಚೀಲ ಇಳಿಸುವಾಗ ಕೈಯಿಂದ ಕೈಗೆ ದಾಟಿಸುತ್ತಾರೆ ನೋಡು, ಹಾಗೆ. ಜೀವಕೋಶದ ಹೊರಗಿನಿಂದ ಬಂದ ಸುದ್ದಿಯನ್ನು ಅದರ ಮೈಮೇಲಿರುವ ಗ್ರಾಹಕ (ರಿಸೆಪ್ಟರ್) ಅನ್ನುವ ಪ್ರೋಟೀನು ಹಿಡಿಯುತ್ತದೆ. ಅದು ರಾಸ್‌ಗೆ, ರಾಸ್ ರಾಫ್‌ಗೆ, ರಾಫ್ ಮೆಕ್‌ಗೆ, ಮೆಕ್ ಅರ್ಕ್‌ಗೆ ದಾಟಿಸುತ್ತದೆ, ಎಲ್ಲವೂ ಪ್ರೋಟೀನುಗಳ ಹೆಸರೇ. ಅರ್ಕ್ ಕೋಶಕೇಂದ್ರದೊಳಗೆ ಹೋಗಿ ಬೆಳೆಯುವ ಜೀನುಗಳನ್ನು ಎಬ್ಬಿಸುತ್ತದೆ. ಕ್ಯಾನ್ಸರ್‌ನಲ್ಲಿ ಈ ಸಾಲು ಬಿಡುವಿಲ್ಲದೆ ಓಡುತ್ತಿರುತ್ತದೆ. ಬೀಟಾ ಕೆಟೆನಿನ್ ಅನ್ನುವ ಇನ್ನೊಂದು ಪ್ರೋಟೀನಿನ ಕಥೆ ಬೇರೆ. ಅದು ಹುಟ್ಟಿದ ಹಾಗೇ ಕರಗುತ್ತಿರಬೇಕು. ಜೀನು ಕೆಟ್ಟರೆ ಕರಗುವುದಿಲ್ಲ, ರಾಶಿ ಬೀಳುತ್ತದೆ, ಅದೂ "ಬೆಳೆ" ಅನ್ನುತ್ತದೆ.

ತಾತನಿಗೆ ಬರೆದುಕೊಟ್ಟದ್ದು ಸೊರಾಫೆನಿಬ್ ಮಾತ್ರೆ. ಲಿವರ್ ಕ್ಯಾನ್ಸರ್‌ಗೆ 2007ರಲ್ಲಿ ಒಪ್ಪಿಗೆ ಸಿಕ್ಕಿದ್ದ ಔಷಧಿ. ಅದು ರಾಫ್‌ನ ಕೈ ಹಿಡಿಯುತ್ತದೆ. ಗಡ್ಡೆ ತನಗೆ ರಕ್ತನಾಳ ಎಳೆದುಕೊಳ್ಳುವ ಸಿಗ್ನಲನ್ನೂ ತಡೆಯುತ್ತದೆ. ರೋಗಿಗಳ ಮೇಲೆ ನಡೆದ ದೊಡ್ಡ ಪರೀಕ್ಷೆಯಲ್ಲಿ ಅದರಿಂದ ಹೆಚ್ಚಾಗಿ ಸಿಕ್ಕ ಆಯುಸ್ಸು ಸುಮಾರು 3 ತಿಂಗಳು. ನಮಗೆ ಅದನ್ನು ಯಾರೂ ಬಿಡಿಸಿ ಹೇಳಲಿಲ್ಲ. ತಾತನ ಅಂಗೈ ಅಂಗಾಲಿನ ಸಿಪ್ಪೆ ಸುಲಿದು, ಚಪ್ಪಲಿ ಹಾಕಲೂ ಆಗುತ್ತಿರಲಿಲ್ಲ. ನಾನು ಕೊಬ್ಬರಿ ಎಣ್ಣೆ ಹಚ್ಚುತ್ತಾ ಕೂರುತ್ತಿದ್ದೆ. ಈಗ ಇದಕ್ಕಿಂತ ಒಳ್ಳೆಯ ಚಿಕಿತ್ಸೆಗಳು ಬಂದಿವೆ. ಓದುವಾಗ ಹೊಟ್ಟೆ ಉರಿಯುತ್ತದೆ ಪುಟ್ಟಿ.

ಇನ್ನು "ನಿಲ್ಲು" ಅನ್ನುವವರಲ್ಲಿ ಒಬ್ಬ ಪಿ53 ಅನ್ನುವ ಪ್ರೋಟೀನು. ಇವನ ವಿಷಯ ಬಂದರೆ ನಮ್ಮೂರಿನ ಶೇಂಗಾ ಬರಲೇಬೇಕು. ನಿನ್ನೆ ಅಟ್ಟದ ಚೀಲ ಇಳಿಸಿದೆ. ಮೇಲೆ ಚೆನ್ನಾಗಿಯೇ ಇತ್ತು. ತಳದಲ್ಲಿ ನೀರು ಹನಿಸಿ, ಶೇಂಗಾ ಬೀಜ ಮುದುಡಿ, ಹಸಿರು ಹಳದಿ ಬೂಷ್ಟು. ಆ ಬೂಷ್ಟು ಅಫ್ಲಾಟಾಕ್ಸಿನ್ ಅನ್ನುವ ವಿಷ ಬಿಡಬಲ್ಲದು. ಅದು ಲಿವರ್‌ನಲ್ಲಿ ಪಿ53 ಜೀನಿನ 249ನೇ ಕೋಡಾನ್‌ನಲ್ಲಿ, ಅಂದರೆ ಮೂರಕ್ಷರದ ಪದದಲ್ಲಿ, ಒಂದೇ ಒಂದು ಡಿಎನ್‌ಎ ಅಕ್ಷರ ಬದಲಿಸಬಲ್ಲದು. ಜಿ ಇದ್ದಲ್ಲಿ ಟಿ. ಅಷ್ಟಕ್ಕೇ "ನಿಲ್ಲು" ಅನ್ನುವವನ ಬಾಯಿ ಕಟ್ಟುತ್ತದೆ. ಅಜ್ಜಿ ಇಂಥ ಬೀಜವನ್ನು "ಹುರಿದರೆ ಸರಿ ಹೋಗುತ್ತೆ" ಅಂತ ಚಟ್ನಿಪುಡಿಗೆ ಹಾಕುತ್ತಿದ್ದರು. ಹುರಿದರೂ ಆ ವಿಷ ಪೂರ್ತಿ ಹೋಗುವುದಿಲ್ಲ. ದನಕ್ಕೂ ಹಾಕಬಾರದು, ಹಾಲಿಗೆ ಬರುತ್ತದೆ.

ತಾತನಿಗೆ ಇದರಿಂದಲೇ ಬಂತು ಅಂತ ನಾನು ಹೇಳುವುದಿಲ್ಲ. ಅವರ ರಕ್ತದಲ್ಲಿ ಲಿವರ್‌ಗೆ ತಗಲುವ ಹೆಪಟೈಟಿಸ್ ಬಿ ವೈರಸ್ ಇತ್ತು. ಎರಡೂ ಸೇರಿದರೆ ಅಪಾಯ ಎಷ್ಟೋ ಪಟ್ಟು. ನಾನೂ ಮಾವನೂ ಆಗಲೇ ಪರೀಕ್ಷೆ ಮಾಡಿಸಿದೆವು, ಇಲ್ಲ ಅಂತ ಬಂತು. ನಿನಗೆ ಅದರ ಲಸಿಕೆಯ ಮೂರೂ ಡೋಸ್ ಆಗಿದೆ, ಕಾರ್ಡು ಬೀರುವಿನಲ್ಲಿದೆ.

ಆ ತಳದ ಬೀಜವನ್ನು ಸುಟ್ಟುಹಾಕಿದೆ. ಒಳ್ಳೆಯದನ್ನು ಒಂದೊಂದೇ ಆರಿಸಿ ಚಟ್ನಿಪುಡಿ ಮಾಡಿದ್ದೇನೆ. ಮಂಗಳವಾರ ಅಪ್ಪ ದಾವಣಗೆರೆಗೆ ಬರುವಾಗ ತರುತ್ತಾರೆ. ಆ ಬಾಣಗಳ ಚಿತ್ರವನ್ನು ದೊಡ್ಡ ಹಾಳೆಯಲ್ಲಿ ಬರೆದು ಅವರ ಕೈಲಿ ಕಳಿಸು. ಪಿ53 ಎಲ್ಲಿ ಕೂರುತ್ತದೆ ಅಂತ ಕೆಂಪು ಪೆನ್ನಿನಲ್ಲಿ ಗುರುತು ಮಾಡು.

ನಿನ್ನ ಅಮ್ಮ